ಮಗುವನ್ನು ಎತ್ತುವುದನ್ನು ಕಲಿಸುವುದು ಹೇಗೆ? ತಾಯಂದಿರ ಮತ್ತು ಅಜ್ಜಿಯಂದಿರ ತರಗತಿಗೆ ಸಲಹೆ ಬೇಕಾಗಿದೆ

ಅಂಗನವಾಡಿ ಟೀಚರ್, ಪೆರ್ಲ

ನಮ್ಮ ಅಂಗನವಾಡಿಯಲ್ಲಿ ಮುಂದಿನ ತಿಂಗಳು ತಾಯಂದಿರಿಗೂ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯಂದಿರಿಗೂ ಒಂದು ತರಗತಿ ನಡೆಯಲಿದೆ. ಸಣ್ಣ ಮಕ್ಕಳನ್ನು ಬೆನ್ನಿಗೂ ಕೈಗೂ ಪೆಟ್ಟಾಗದಂತೆ ಎತ್ತುವುದು ಮತ್ತು ಎತ್ತಿಕೊಂಡು ನಡೆಯುವುದು ಅದರ ವಿಷಯ. ಇಂತಹ ತರಗತಿಗಳಲ್ಲಿ ನಾನೂ ಕುಳಿತಿದ್ದೇನೆ. ಪೆಟ್ಟಿಗೆಯೊಂದನ್ನು ಎತ್ತುತ್ತಿರುವ ಗಂಡಸಿನ ಚಿತ್ರವನ್ನು ಗೋಡೆಗೆ ಅಂಟಿಸಿ, ಬೆನ್ನು ನೆಟ್ಟಗಿರಲಿ, ಮೊಣಕಾಲು ಮಡಚಿ ಎತ್ತಿ ಎಂದು ಹೇಳುತ್ತಾರೆ. ಎಲ್ಲರೂ ತಲೆಯಾಡಿಸಿ, ಚಹಾ ಕುಡಿದು, ಮನೆಗೆ ಹೋಗಿ ಮೊದಲಿನಂತೆಯೇ ಎತ್ತುತ್ತಾರೆ.

ನನ್ನ ಮುಂದೆ ಕುಳಿತುಕೊಳ್ಳುವವರಲ್ಲಿ ಹೆರಿಗೆಯಾಗಿ ಎರಡು ತಿಂಗಳಾದವರಿದ್ದಾರೆ, ಗಂಟುನೋವಿರುವ ಅಜ್ಜಿಯಂದಿರಿದ್ದಾರೆ, ದಿನವಿಡೀ ಬೀಡಿ ಕಟ್ಟುತ್ತಾ ಮೊಮ್ಮಕ್ಕಳನ್ನೂ ಸಂಭಾಳಿಸುವವರಿದ್ದಾರೆ. ಪೆಟ್ಟಿಗೆ ಒದ್ದಾಡುವುದಿಲ್ಲ, ಅಳುವುದಿಲ್ಲ, ಕೂದಲು ಹಿಡಿದು ಎಳೆಯುವುದಿಲ್ಲ. ಒಂದು ಗಂಟೆಯ ಅವಧಿಯಲ್ಲಿ ಇವರಿಗೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದವರು ತಿಳಿಸಬೇಕಾಗಿ ವಿನಂತಿ.

ಫಿಸಿಯೋಥೆರಪಿಸ್ಟ್, ಕಾಸರಗೋಡು

ಟೀಚರೇ, ನಿಮ್ಮ ಅನುಮಾನಕ್ಕೆ ಆಧಾರವಿದೆ. ಭಾರ ಎತ್ತುವ ಕ್ರಮವನ್ನು ಕಲಿಸುವ ತರಬೇತಿಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆಯಲ್ಲಿ, ಬರಿಯ ಉಪದೇಶದಿಂದ ಬೆನ್ನುನೋವು ತಪ್ಪುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ಆ ಪ್ರಯೋಗಗಳು ನಡೆದದ್ದು ದಾದಿಯರು, ಸಾಮಾನು ಸಾಗಿಸುವವರು ಮುಂತಾದ ಕೆಲಸಗಾರರ ಮೇಲೆಯೇ ಹೊರತು ತಾಯಂದಿರ ಮೇಲಲ್ಲ. ಆದರೂ ನಮಗೆ ಅದರಿಂದ ಒಂದು ದಾರಿ ಕಾಣುತ್ತದೆ. ಹೇಗೆ ಎತ್ತಬೇಕು ಎನ್ನುವುದಕ್ಕಿಂತ ಮೊದಲು, ಎಲ್ಲಿಂದ ಎತ್ತುತ್ತಿದ್ದೇವೆ ಮತ್ತು ಅಲ್ಲಿ ಎತ್ತಲೇಬೇಕೇ ಎಂದು ಕೇಳಬೇಕು. ಮಗು ನೆಲದಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಚಾವಡಿಗೆ ಎಷ್ಟು ಸಲ ಹೋಗುತ್ತದೆ ಎಂದು ಪ್ರತಿಯೊಬ್ಬರಿಂದಲೂ ಹೇಳಿಸಿ. ಅವುಗಳಲ್ಲಿ ನಾಲ್ಕೈದನ್ನು ಬಿಟ್ಟುಬಿಡಲು ಸಾಧ್ಯವಾದರೆ ಅದು ಯಾವ ಭಂಗಿಗಿಂತಲೂ ಹೆಚ್ಚಿನ ಉಪಕಾರ ಮಾಡುತ್ತದೆ.

ಇನ್ನು ಕಲಿಸಲೇಬೇಕಾದ ಒಂದೇ ಒಂದು ವಿಷಯವನ್ನು ಆರಿಸು ಎಂದರೆ ನಾನು ದೂರವನ್ನು ಆರಿಸುತ್ತೇನೆ. ಮಗುವಿಗೂ ನಮ್ಮ ಸೊಂಟಕ್ಕೂ ನಡುವೆ ಇರುವ ದೂರ ಹೆಚ್ಚಿದಷ್ಟೂ ಅದೇ ಮಗು ಬೆನ್ನಿಗೆ ಹೆಚ್ಚು ಭಾರವಾಗುತ್ತದೆ. 1999ರಲ್ಲಿ ಜರ್ಮನಿಯ ಸಂಶೋಧಕರು ಸ್ವಯಂಸೇವಕರೊಬ್ಬರ ಸೊಂಟದ ಡಿಸ್ಕಿನೊಳಗೆ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯೊಳಗೆ) ಒತ್ತಡ ಅಳೆಯುವ ಸಾಧನವನ್ನಿರಿಸಿ ಅಳೆದಾಗ, ಸುಮ್ಮನೆ ನಿಂತಿರುವಾಗ ಸುಮಾರು 0.5 ಮೆಗಾಪ್ಯಾಸ್ಕಲ್ ಇದ್ದ ಒತ್ತಡವು 20 ಕಿಲೋ ಭಾರವನ್ನು ಮೈಗೆ ಒತ್ತಿ ಹಿಡಿದಾಗ 1.1ಕ್ಕೂ, ಅದೇ ಭಾರವನ್ನು ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8ಕ್ಕೂ ಏರಿತು. ಬೆನ್ನನ್ನು ಗೂನು ಮಾಡಿ ನೆಲದಿಂದ ಎತ್ತಿದಾಗ 2.3 ಆಯಿತು. ಒಬ್ಬರ ಮೇಲೆ ನಡೆದ ಅಳತೆಯಾದ್ದರಿಂದ ಅಂಕಿಗಳನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಬಾರದು, ಆದರೆ ಅವುಗಳ ಏರಿಕೆಯ ದಿಕ್ಕಿನಲ್ಲಿ ಸಂಶಯವಿಲ್ಲ.

ಇನ್ನೊಂದು ಲೆಕ್ಕವನ್ನೂ ಹೇಳಬಹುದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲವೂ ಅನುಕೂಲವಾಗಿರುವಾಗ ಎತ್ತಬಹುದಾದ ಗರಿಷ್ಠ ಭಾರ 23 ಕಿಲೋ. ಭಾರವು ನಮ್ಮಿಂದ 50 ಸೆಂಟಿಮೀಟರ್ ದೂರದಲ್ಲಿದ್ದರೆ ಅದು ಅರ್ಧಕ್ಕೆ ಇಳಿಯುತ್ತದೆ. ನೆಲದಿಂದ ಎತ್ತುವುದಾದರೆ ಇನ್ನೂ ಇಳಿದು ಸುಮಾರು 8.9 ಕಿಲೋ ಆಗುತ್ತದೆ. ನಿಮ್ಮಲ್ಲಿರುವ ಬೆಳವಣಿಗೆಯ ಚಾರ್ಟನ್ನು ನೋಡಿ: ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಒಂದು ವರ್ಷದ ಹೆಣ್ಣುಮಗುವಿನ ಮಧ್ಯಮ ತೂಕವೂ 8.9 ಕಿಲೋ, ಗಂಡುಮಗುವಿನದು 9.6. ಅಂದರೆ ಚಾಪೆಯ ಆಚೆ ಬದಿಯಲ್ಲಿ ಮಲಗಿದ ಒಂದು ವರ್ಷದ ಮಗುವನ್ನು ಈಚೆ ಬದಿಯಲ್ಲಿ ನಿಂತು ಬಾಗಿ ಎತ್ತುವಾಗಲೇ ನಾವು ಆ ಗಡಿಯನ್ನು ಮುಟ್ಟಿರುತ್ತೇವೆ. ಸೂತ್ರವು ಹಿಡಿಕೆಯಿರುವ, ಅಲುಗಾಡದ ವಸ್ತುಗಳಿಗಾಗಿ ಇರುವುದು. ಒದ್ದಾಡುವ ಮಗುವಿಗೆ ಅದು ಇನ್ನೂ ಕಟ್ಟುನಿಟ್ಟಾಗಬೇಕು.

ತರಗತಿಯಲ್ಲಿ ಅಂಕಿಗಳನ್ನು ಹೇಳುವುದಕ್ಕಿಂತ ಒಂದು ಕೊಡಪಾನವನ್ನು ತರಿಸಿ, ಕೊಡ ಮತ್ತು ನೀರು ಸೇರಿ ಹತ್ತು ಕಿಲೋ ಆಗುವಷ್ಟು ನೀರು ತುಂಬಿಸಿ. ಮೊದಲು ಸೊಂಟಕ್ಕೆ ಒತ್ತಿ ಹಿಡಿಯಲಿ, ಅನಂತರ ಒಂದು ಗೇಣು ಮುಂದೆ ಹಿಡಿಯಲಿ. ಬೆನ್ನು ತಾನಾಗಿಯೇ ಪಾಠ ಹೇಳುತ್ತದೆ.

ನೀರ್ಚಾಲಿನ ಅಜ್ಜಿ

ಓದಿದೆ. ನಾವು ಏಳು ಮಕ್ಕಳನ್ನು ಎತ್ತಿ ಆಡಿಸಿದವರು, ಯಾರೂ ಕಲಿಸಿರಲಿಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ನಮ್ಮ ಓರಗೆಯವರಲ್ಲಿ ನೆಟ್ಟಗೆ ನಿಲ್ಲಬಲ್ಲವರು ಎಷ್ಟು ಮಂದಿ ಎಂದು ಯೋಚಿಸಿದ ಮೇಲೆ ಆ ಮಾತನ್ನು ಮುಂದುವರಿಸಲು ಮನಸ್ಸಾಗಲಿಲ್ಲ.

ನನ್ನ ತಕರಾರು ಬೇರೆ. ಮೊಣಕಾಲು ಮಡಚಿ ಎಂದು ಡಾಕ್ಟರುಗಳು ಹೇಳುತ್ತಾರೆ. ಮಡಚಿದ ಮೇಲೆ ಏಳುವುದು ಹೇಗೆ ಎಂದು ಯಾರೂ ಹೇಳುವುದಿಲ್ಲ. ನನ್ನ ಮೊಣಗಂಟು ಕುಕ್ಕರಗಾಲಿನಲ್ಲಿ ಕುಳಿತರೆ ಏಳಲು ಬಿಡುವುದಿಲ್ಲ, ಕೈಯಲ್ಲಿ ಮಗುವಿದ್ದರಂತೂ ಕೇಳುವುದೇ ಬೇಡ. ಮಗುವನ್ನು ಮೀಯಿಸುವುದೂ ಈಗ ಕಷ್ಟವೇ. ಹಿಂದೆ ಎಳೆಗೂಸನ್ನು ಅಡಿಕೆಯ ಹಾಳೆಯಲ್ಲಿ ಮಲಗಿಸಿ ಮೀಯಿಸುತ್ತಿದ್ದೆವು. ಸ್ವಲ್ಪ ದೊಡ್ಡದಾದ ಮೇಲೆ ನೆಲದಲ್ಲಿ ಕಾಲು ಚಾಚಿ ಕುಳಿತು, ಕಾಲಿನ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದೆವು. ಈಗಿನವರು ಕುರ್ಚಿಯಲ್ಲಿ ಕುಳಿತು ಬಾಗಿ ಟಬ್ಬಿನಲ್ಲಿ ಮೀಯಿಸುತ್ತಾರೆ. ಯಾವುದು ಸರಿ ಎಂದು ಟೀಚರು ಹೇಳಬೇಕು.

ಫಿಸಿಯೋಥೆರಪಿಸ್ಟ್, ಕಾಸರಗೋಡು

ಅಮ್ಮಾ, ತಮ್ಮ ತಕರಾರು ತುಂಬ ನ್ಯಾಯವಾದುದು. ಕುಕ್ಕರಗಾಲಿನಲ್ಲಿ ಎತ್ತುವುದು ಬಾಗಿ ಎತ್ತುವುದಕ್ಕಿಂತ ಯಾವಾಗಲೂ ಮೇಲು ಎನ್ನಲು ತಕ್ಕ ಆಧಾರವಿಲ್ಲ ಎಂದು ಈ ಬಗೆಯ ಅಧ್ಯಯನಗಳನ್ನು ವಿಮರ್ಶಿಸಿದವರು ಹೇಳಿದ್ದಾರೆ. ಭಾರವು ಎರಡು ಮೊಣಕಾಲುಗಳ ನಡುವೆ ಹಿಡಿಯುವಂತಿದ್ದರೆ ಕುಕ್ಕರಗಾಲು ಪ್ರಯೋಜನಕಾರಿ; ಮೊಣಕಾಲುಗಳ ಆಚೆ ಇದ್ದರೆ, ಮಡಚಿದ ಕಾಲುಗಳೇ ಅಡ್ಡ ಬಂದು ಮಗುವನ್ನು ಮತ್ತಷ್ಟು ದೂರ ತಳ್ಳುತ್ತವೆ. ಗಂಟು ಸವೆದವರಿಗೆ ನಾನು ಹೇಳುವುದು ಇಷ್ಟು: ಮಗುವಿನ ಪಕ್ಕಕ್ಕೆ ಹೋಗಿ ಒಂದು ಮೊಣಕಾಲನ್ನು ಮಡಚಿದ ಬಟ್ಟೆಯ ಮೇಲೆ ಊರಿ, ಇನ್ನೊಂದು ಪಾದವನ್ನು ಮುಂದೆ ಇಡಿ. ಮಗುವನ್ನು ಮೊದಲು ಮುಂದಿನ ತೊಡೆಯ ಮೇಲೆ ಎಳೆದುಕೊಳ್ಳಿ, ಎದೆಗೆ ಒತ್ತಿಕೊಳ್ಳಿ, ಉಸಿರು ಬಿಡುತ್ತಾ ಮುಂದಿನ ಕಾಲಿನ ಮೇಲೆ ಏಳಿ. ಒಂದು ಕೈ ಮಂಚದ ಅಂಚನ್ನೋ ಕಂಬವನ್ನೋ ಹಿಡಿದಿರಲಿ. ಅಷ್ಟೂ ಸಾಧ್ಯವಿಲ್ಲದವರು ನೆಲದಿಂದ ಎತ್ತಲೇಬಾರದು. ನಡೆಯಬಲ್ಲ ಮಗುವಾದರೆ ಅದೇ ಎದ್ದು ನಿಂತು ಬರಲಿ, ಮಂಚದ ಬಳಿ ಒಂದು ಗಟ್ಟಿ ಮಣೆಯನ್ನಿಟ್ಟರೆ ತಾನೇ ಹತ್ತುತ್ತದೆ. ಎರಡು ವರ್ಷದ ಮಗುವನ್ನು ಎತ್ತಿ ಕೂರಿಸುವುದು ಹೆಚ್ಚಿನ ಸಲ ನಮ್ಮ ಅವಸರಕ್ಕಾಗಿಯೇ ಹೊರತು ಅದರ ಅಗತ್ಯಕ್ಕಾಗಿ ಅಲ್ಲ.

ಮೀಯಿಸುವ ವಿಷಯದಲ್ಲಿ ಕಾಲಿನ ಮೇಲೆ ಮಲಗಿಸುವ ಕ್ರಮದಲ್ಲಿ ಒಂದು ದೊಡ್ಡ ಗುಣವಿದೆ: ಮಗು ಮೈಗೆ ಹತ್ತಿರವಿರುತ್ತದೆ ಮತ್ತು ಬೀಳುವಷ್ಟು ಎತ್ತರ ಇರುವುದಿಲ್ಲ. ತೊಂದರೆಯಿರುವುದು ಕಾಲು ಚಾಚಿ ಕುಳಿತಾಗ ತೊಡೆಯ ಹಿಂಭಾಗದ ಸ್ನಾಯುಗಳು ಎಳೆದು ಸೊಂಟ ಹಿಂದಕ್ಕೆ ವಾಲುವುದರಲ್ಲಿ. ಒಂದು ಗೇಣು ಎತ್ತರದ ಮಣೆಯ ಮೇಲೆ ಕುಳಿತು, ಬೆನ್ನು ಗೋಡೆಗೆ ತಾಗುವಂತೆ ಮಾಡಿಕೊಂಡರೆ ಅದು ಬಹುಮಟ್ಟಿಗೆ ಪರಿಹಾರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೀಯಿಸುವವರು ಎಣ್ಣೆ ಹಚ್ಚಿದ, ಒದ್ದೆಯಾದ ಮಗುವನ್ನು ಎತ್ತಿಕೊಂಡು ತಾವೇ ಏಳಬಾರದು. ಇನ್ನೊಬ್ಬರು ಒಣಬಟ್ಟೆ ಹಿಡಿದು ಬಂದು ಮಗುವನ್ನು ಸುತ್ತಿ ಎತ್ತಿಕೊಳ್ಳಲಿ. ಟಬ್ಬನ್ನು ಬಳಸುವವರು ಅದನ್ನು ಎತ್ತರದ ಗಟ್ಟಿ ಕಟ್ಟೆಯ ಮೇಲೆ ಇಡಬೇಕು, ಮತ್ತು ಕೈಯನ್ನು ಮಗುವಿನಿಂದ ಒಂದು ಕ್ಷಣವೂ ತೆಗೆಯಬಾರದು.

ಉಪ್ಪಳದ ತಾಯಿ

ಬೆನ್ನಿನ ವಿಚಾರ ಮಾತ್ರ ಬರುತ್ತಿದೆ. ನನಗೆ ನೋವಿರುವುದು ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬದಿಯಲ್ಲಿ. ಮಗುವನ್ನು ಎತ್ತುವಾಗ ಚಳಕ್ ಎನ್ನುತ್ತದೆ. ಮಗುವಿಗೆ ಈಗ ಐದು ತಿಂಗಳು, ಹೆರಿಗೆ ಸಿಸೇರಿಯನ್. ಮೊಬೈಲ್ ಹಿಡಿದದ್ದರಿಂದ ಆಗಿದೆ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ.

ಫಿಸಿಯೋಥೆರಪಿಸ್ಟ್, ಕಾಸರಗೋಡು

ನೋಡದೆ ನಿಮ್ಮ ಕೈಯ ಬಗ್ಗೆ ತೀರ್ಪು ಹೇಳಲಾರೆ, ಒಮ್ಮೆ ತೋರಿಸಿಕೊಳ್ಳಿ. ಆದರೆ ನೀವು ವಿವರಿಸಿದ ಜಾಗದಲ್ಲಿ ಬಾಣಂತಿಯರಿಗೆ ಬರುವ ನೋವು ಬಹಳ ಸಾಮಾನ್ಯ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಹೆಬ್ಬೆರಳನ್ನು ಉಳಿದ ಬೆರಳುಗಳಿಂದ ಅಗಲಿಸಿ, ಮಗುವಿನ ಎರಡು ಕಂಕುಳ ಕೆಳಗೆ ಸಿಕ್ಕಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿ ಎತ್ತಿದಾಗ ಹೆಬ್ಬೆರಳಿನ ಸ್ನಾಯುರಜ್ಜುಗಳು ತಮ್ಮ ಕವಚದೊಳಗೆ ಉಜ್ಜಿ ಊದಿಕೊಳ್ಳುತ್ತವೆ. ಎಳೆಮಗುವನ್ನು ಎತ್ತುವಾಗ ಒಂದು ಅಂಗೈಯನ್ನು ಪೃಷ್ಠದ ಕೆಳಗೆ, ಇನ್ನೊಂದನ್ನು ಕುತ್ತಿಗೆ ಮತ್ತು ಭುಜಗಳ ಕೆಳಗೆ ತೂರಿಸಿ, ಹೆಬ್ಬೆರಳು ಉಳಿದ ಬೆರಳುಗಳ ಜೊತೆಯಲ್ಲೇ ಇರಲಿ, ಭಾರ ಮುಂಗೈಯ ಮೇಲೆ ಬೀಳಲಿ. ಹಾಲೂಡುವಾಗಲೂ ತಲೆಯನ್ನು ಮಣಿಕಟ್ಟಿನಿಂದ ಎತ್ತಿ ಹಿಡಿಯುವ ಬದಲು ತೊಡೆಯ ಮೇಲೆ ದಿಂಬನ್ನಿಟ್ಟು, ಮಗುವನ್ನು ನಿಮ್ಮ ಎತ್ತರಕ್ಕೆ ತಂದುಕೊಳ್ಳಿ. ನೀವು ಮಗುವಿನ ಮಟ್ಟಕ್ಕೆ ಬಾಗಬೇಡಿ. ಮೊಬೈಲಿನ ಪಾಲು ಸ್ವಲ್ಪ ಇರಬಹುದು, ಆದರೆ ದಿನವಿಡೀ ಎತ್ತುವ ಕೆಲಸವನ್ನು ನೀವೊಬ್ಬರೇ ಮಾಡುತ್ತಿದ್ದರೆ ಅದನ್ನು ಹಂಚಿಕೊಳ್ಳುವುದು ಮನೆಯವರ ಪಾಲಿನ ಚಿಕಿತ್ಸೆ.

ಸಿಸೇರಿಯನ್ ಆದವರು ಸುಮಾರು ಆರು ವಾರಗಳವರೆಗೆ ಮಗುವಿಗಿಂತ ಹೆಚ್ಚು ಭಾರವನ್ನು ಎತ್ತಬಾರದು ಎಂಬುದು ರೂಢಿಯ ಸಲಹೆ. ಇದರಲ್ಲಿ ಮರೆತುಹೋಗುವುದು ಮೊದಲನೆಯ ಮಗು. ಮನೆಯಲ್ಲಿ ಎರಡೂವರೆ ವರ್ಷದ, ಹನ್ನೆರಡು ಕಿಲೋ ದಾಟಿದ ಅಕ್ಕನೋ ಅಣ್ಣನೋ ಇದ್ದರೆ, ತನ್ನನ್ನೂ ಎತ್ತು ಎಂದು ಅಳುವುದು ಸಹಜ. ತಾಯಿ ಕುಳಿತಿರಲಿ, ಮಗು ತಾನೇ ಹತ್ತಿ ಮಡಿಲಿಗೆ ಬರಲಿ.

ಆಶಾ ಕಾರ್ಯಕರ್ತೆ, ಕುಂಬಳೆ

ಒಂದು ಸೇರ್ಪಡೆ. ಮಗುವನ್ನು ಒಂದು ಕೈಯಲ್ಲಿ ಹಿಡಿದು ಜಗ್ಗಿ ಎತ್ತುವುದು, ಎರಡು ಕೈ ಹಿಡಿದು ಸುತ್ತಿಸಿ ಆಡಿಸುವುದು, ಬಸ್ಸಿನ ಮೆಟ್ಟಿಲಿನಿಂದ ಮುಂಗೈ ಹಿಡಿದು ಮೇಲಕ್ಕೆ ಎಳೆಯುವುದು, ಇವುಗಳನ್ನು ತರಗತಿಯಲ್ಲಿ ಹೆಸರಿಸಿಯೇ ಹೇಳಬೇಕು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಹೀಗೆ ಎಳೆದಾಗ ಮೊಣಕೈಯ ಎಲುಬು ತನ್ನ ಸುತ್ತಲಿನ ಉಂಗುರದಂತಹ ಕಟ್ಟಿನಿಂದ ಸ್ವಲ್ಪ ಜಾರಿಬಿಡುತ್ತದೆ. ಮಗು ಆ ಕೈಯನ್ನು ಅಲ್ಲಾಡಿಸದೆ ಮೈಗೆ ಒತ್ತಿಕೊಂಡು ಅಳುತ್ತದೆ. ಊತವೂ ಕಾಣಿಸುವುದಿಲ್ಲವಾದ್ದರಿಂದ ಮನೆಯವರು ಹಟ ಎಂದುಕೊಳ್ಳುತ್ತಾರೆ. ತಿಳಿದ ವೈದ್ಯರು ಅದನ್ನು ಕ್ಷಣದಲ್ಲಿ ಸರಿಪಡಿಸುತ್ತಾರೆ. ಮನೆಯಲ್ಲಿ ತಿಕ್ಕುವುದು, ಎಳೆದು ಕೂರಿಸಲು ನೋಡುವುದು ಸಲ್ಲದು.

ಎಣ್ಮಕಜೆಯಿಂದ ಒಬ್ಬ ಅಮ್ಮ

ಇಲ್ಲಿ ಎಲ್ಲರೂ ಮಗು ದೊಡ್ಡದಾದ ಮೇಲೆ ಎತ್ತುವ ಕೆಲಸ ಮುಗಿಯುತ್ತದೆ ಎಂಬಂತೆ ಬರೆಯುತ್ತಿದ್ದಾರೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅದು ಮುಗಿಯುವುದಿಲ್ಲ. ಮಕ್ಕಳ ಅಂಗವೈಕಲ್ಯಕ್ಕೆ ಕಾರಣವೆಂದು ಹೇಳಲಾಗುವ ಎಂಡೋಸಲ್ಫಾನ್ ಕೀಟನಾಶಕವನ್ನು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದ ಹೊತ್ತಿಗೆ ನಿಂತಿತು, ಸುಪ್ರೀಂ ಕೋರ್ಟು 2011ರಲ್ಲಿ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು, 2017ರಲ್ಲಿ ಪರಿಹಾರದ ಆದೇಶವೂ ಬಂತು. ಆದರೆ ನಡೆಯಲಾರದ ಮಗುವನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸಿ ಬಚ್ಚಲಿಗೆ ಒಯ್ಯುವವಳು ಇಂದೂ ತಾಯಿಯೇ. ನನ್ನ ಮಗನಿಗೆ ಹದಿಮೂರು ವರ್ಷ, ಮೈ ಕೆಲವೊಮ್ಮೆ ಕೋಲಿನಂತೆ ಸೆಟೆದುಕೊಳ್ಳುತ್ತದೆ. ಭಿನ್ನಸಾಮರ್ಥ್ಯದ ಮಕ್ಕಳ ಬಡ್ಸ್ ಶಾಲೆಗೆ ಕಳುಹಿಸುವ ದಿನಗಳಲ್ಲಿ ವಾಹನದವರೆಗೆ ಎತ್ತಿಕೊಂಡೇ ಹೋಗಬೇಕು. ಟೀಚರ ತರಗತಿಗೆ ನನ್ನಂತಹವರೂ ಬರಬಹುದೇ, ಬಂದರೆ ನಮಗೆ ಹೇಳುವಂತಹದು ಏನಾದರೂ ಇದೆಯೇ?

ಫಿಸಿಯೋಥೆರಪಿಸ್ಟ್, ಕಾಸರಗೋಡು

ಅಕ್ಕಾ, ಮೊದಲಿಗೆ ಬರಬೇಕಾದವರು ನೀವೇ. ಅಮೆರಿಕದಲ್ಲಿ ಆಸ್ಪತ್ರೆಯ ಸಿಬ್ಬಂದಿಗೆ, ಒಬ್ಬರೇ ಕೈಯಿಂದ ಎತ್ತಬಹುದಾದ ರೋಗಿಯ ಭಾರ ಹೆಚ್ಚೆಂದರೆ ಸುಮಾರು 16 ಕಿಲೋ ಎಂಬ ಮಿತಿಯನ್ನು ತಜ್ಞರು ಸೂಚಿಸಿದ್ದಾರೆ. ಆ ತೂಕವನ್ನು ಮಕ್ಕಳು ಸಾಮಾನ್ಯವಾಗಿ ನಾಲ್ಕರ ಸುಮಾರಿಗೆ ತಲುಪುತ್ತಾರೆ. ಹದಿಮೂರು ವರ್ಷದ ಹುಡುಗನನ್ನು ಒಬ್ಬರೇ ಎತ್ತುವ ಸುರಕ್ಷಿತ ವಿಧಾನ ಎಂಬುದು ಇಲ್ಲ. ಹಾಗೆ ಇದೆ ಎಂದು ಹೇಳಿಕೊಡುವುದು ನಿಮಗೆ ಮಾಡುವ ಅನ್ಯಾಯ.

ಎರಡು ಮಂದಿ ಇದ್ದಾಗ, ಬಲವುಳ್ಳವರು ಹಿಂದಿನಿಂದ ಎದೆಯನ್ನು ಬಳಸಿ ಹಿಡಿಯಲಿ, ಇನ್ನೊಬ್ಬರು ಮೊಣಕಾಲುಗಳ ಕೆಳಗೆ ಕೈ ಹಾಕಲಿ, ಒಬ್ಬರೇ ಎಣಿಸಲಿ, ಒಟ್ಟಿಗೆ ಏಳಲಿ. ಮೈ ಸೆಟೆದಿರುವಾಗ ಎಳೆಯಬೇಡಿ. ಮೊದಲು ಸೊಂಟ ಮತ್ತು ಮೊಣಕಾಲುಗಳನ್ನು ಮೆಲ್ಲನೆ ಮಡಚಿ, ತಲೆ ಮತ್ತು ಭುಜಗಳನ್ನು ಮುಂದಕ್ಕೆ ತಂದು, ಮೈ ಸಡಿಲವಾಗುವವರೆಗೆ ಕಾಯಿರಿ. ಸೆಟೆತ ಬಿಟ್ಟ ಮೇಲೆ ಅದೇ ಮೈ ಎಷ್ಟೋ ಹಗುರವಾಗಿ ಬರುತ್ತದೆ. ಹಾಸಿಗೆಯ ಮೇಲೆ ಸರಿಸುವಾಗ ಎತ್ತಬೇಡಿ, ಕೆಳಗೆ ಹಾಸಿದ ಗಟ್ಟಿ ಬಟ್ಟೆಯನ್ನು ಹಿಡಿದು ಜಾರಿಸಿ. ಹಾಸಿಗೆ ನೆಲದಲ್ಲಿದ್ದರೆ ಅದನ್ನು ಗಾಲಿಕುರ್ಚಿಯ ಆಸನದ ಎತ್ತರಕ್ಕೆ ತರುವುದು ನಿಮ್ಮ ಮನೆಯಲ್ಲಿ ಆಗಬೇಕಾದ ಮೊದಲ ಬದಲಾವಣೆ, ಏಕೆಂದರೆ ಎತ್ತರ ಸಮವಾದರೆ ಎತ್ತುವ ಕೆಲಸ ಜಾರಿಸುವ ಕೆಲಸವಾಗುತ್ತದೆ. ಮನೆಗೆ ಬರುವ ಪಾಲಿಯೇಟಿವ್ (ಮನೆ ಆರೈಕೆಯ) ತಂಡದವರ ಬಳಿ ಮಂಚ, ಗಾಲಿಕುರ್ಚಿಗಳ ಬಗ್ಗೆ ಪಂಚಾಯತಿನಲ್ಲಿ ವಿಚಾರಿಸಲು ಹೇಳಿ. ನಾಚಿಕೆಪಡುವ ಕೆಲಸ ಅದಲ್ಲ.

ಮುಳ್ಳೇರಿಯದ ಅಪ್ಪ

ಗಂಡಸರೂ ಮಕ್ಕಳನ್ನು ಎತ್ತುತ್ತಾರೆ ಎಂಬುದನ್ನು ನೆನಪಿಸಲು ಬರೆಯುತ್ತಿದ್ದೇನೆ. ನಮ್ಮ ಮನೆ ಗುಡ್ಡದ ಬದಿಯಲ್ಲಿದೆ. ರಸ್ತೆಗೆ ಬರಬೇಕಾದರೆ ಮುರಕಲ್ಲಿನ ಮೆಟ್ಟಿಲಿಳಿದು, ತೋಡಿಗೆ ಹಾಕಿದ ಸಂಕ ದಾಟಬೇಕು. ಆಷಾಢದಲ್ಲಿ ಮೆಟ್ಟಿಲ ಮೇಲೆ ಪಾಚಿ ಕಟ್ಟಿ, ಬರಿಗೈಯವರೇ ಜಾರುತ್ತಾರೆ. ಬೆನ್ನುನೋವು ಮೆಲ್ಲನೆ ಬರುವಂತಹದು, ಮಗುವನ್ನು ಎತ್ತಿಕೊಂಡು ಬೀಳುವುದು ಒಂದೇ ಸಲಕ್ಕೆ ಮುಗಿಸಿಬಿಡುವಂತಹದು. ಆದ್ದರಿಂದ ನಮ್ಮೂರಿನ ತರಗತಿಯಲ್ಲಿ ಎತ್ತುವುದಕ್ಕಿಂತ ನಡೆಯುವುದಕ್ಕೆ ಹೆಚ್ಚು ಸಮಯ ಕೊಡಬೇಕು ಎಂಬುದು ನನ್ನ ವಾದ. ಒಂದು ಕೈ ಮಗುವಿಗೆ, ಒಂದು ಕೈ ಹಿಡಿಗಂಬಕ್ಕೆ. ಕೊಡೆ, ಚೀಲ, ಮೊಬೈಲುಗಳನ್ನು ಇನ್ನೊಬ್ಬರು ಹಿಡಿಯಬೇಕು, ಇಲ್ಲವೇ ಎರಡು ಸಲ ಹೋಗಿ ಬರಬೇಕು. ಮೆಟ್ಟಿಲುಗಳಿಗೆ ಸುಣ್ಣ ಹಾಕಿ ತಿಕ್ಕುವುದನ್ನೂ ಹಿಡಿದುಕೊಳ್ಳಲು ಬಿದಿರು ಕಟ್ಟುವುದನ್ನೂ ನಾನು ಮಗುವಿನ ಆರೈಕೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಆಶಾ ಕಾರ್ಯಕರ್ತೆ, ಕುಂಬಳೆ

ಒಪ್ಪುತ್ತೇನೆ. ಇದರ ಜೊತೆಗೆ, ಮಗುವನ್ನು ಯಾವಾಗಲೂ ಎಡ ಸೊಂಟದ ಮೇಲೆಯೇ ಕೂರಿಸಿಕೊಂಡು, ಸೊಂಟವನ್ನು ಬದಿಗೆ ತಳ್ಳಿ ನಿಲ್ಲುವ ಅಭ್ಯಾಸವನ್ನೂ ಹೇಳಬೇಕು. ಮಗುವಿನ ಪಾಲಿಗೆ ಕಾಲು ಅಗಲಿಸಿ ಕುಳಿತುಕೊಳ್ಳುವುದು ಒಳ್ಳೆಯದೇ, ಸೊಂಟದ ಕೀಲು ಸರಿಯಾಗಿ ಕೂರಲು ಅದು ಅನುಕೂಲ; ಕಾಲುಗಳನ್ನು ನೆಟ್ಟಗೆ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವುದೇ ಅಪಾಯ. ಹೊತ್ತವರು ಮಾತ್ರ ಬದಿಯನ್ನು ಆಗಾಗ ಬದಲಿಸಬೇಕು. ಹೊಸದಾಗಿ ಬರುತ್ತಿರುವ ಜೋಲಿಯಂತಹ ಚೀಲಗಳಲ್ಲಿ ನಾಲ್ಕು ತಿಂಗಳೊಳಗಿನ ಮಗುವನ್ನು ಹಾಕುವಾಗ ಮುಖ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿರಬಾರದು. ಉಸಿರುಕಟ್ಟಿದ ಪ್ರಕರಣಗಳಿಂದಾಗಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಅಂಗನವಾಡಿ ಟೀಚರ್, ಪೆರ್ಲ

ಎಲ್ಲರಿಗೂ ನಮಸ್ಕಾರ. ಗಂಡಸಿನ ಚಿತ್ರವನ್ನು ಗೋಡೆಯಿಂದ ತೆಗೆಯುತ್ತೇನೆ. ಚಾಪೆ, ಮಣೆ, ಕೊಡಪಾನ, ಒಂದು ತೊಟ್ಟಿಲು ಇಷ್ಟನ್ನು ನಡುವಿನಲ್ಲಿಟ್ಟು, ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಮಾಡುವಂತೆಯೇ ಮಾಡಿ ತೋರಿಸಲಿ ಎಂದುಕೊಂಡಿದ್ದೇನೆ. ಮೊದಲ ಅಭ್ಯಾಸ ಅಕ್ಕಿ ತುಂಬಿದ ಚೀಲದಲ್ಲಿ, ಮಕ್ಕಳಲ್ಲಿ ಅಲ್ಲ. ನೀರ್ಚಾಲಿನ ಅಮ್ಮನವರು ಬಂದು ಕಾಲ ಮೇಲೆ ಮೀಯಿಸುವ ಕ್ರಮವನ್ನು ಗೊಂಬೆಯಲ್ಲಿ ತೋರಿಸಿಕೊಟ್ಟರೆ ಉಪಕಾರವಾದೀತು. ಎಣ್ಮಕಜೆಯ ಅಕ್ಕನಿಗೆ, ಅವರಂತಹ ಬೇರೆಯವರಿಗೂ ಸೇರಿಸಿ, ಬೇರೊಂದು ದಿನ ಅವರ ಮನೆಯಲ್ಲೇ ನಡೆಸೋಣ. ಅಂಗನವಾಡಿಯವರೆಗೆ ಮಗನನ್ನು ಎತ್ತಿಕೊಂಡು ಬನ್ನಿ ಎನ್ನುವುದು ವಿಪರ್ಯಾಸವಾಗುತ್ತದೆ.

ಎರಡು ಪ್ರಶ್ನೆಗಳು ಉಳಿದಿವೆ. ನಮ್ಮಲ್ಲಿ ತೂಗುವ ತಕ್ಕಡಿಗೆ ಮಗುವನ್ನು ಎತ್ತಿ ಸಿಕ್ಕಿಸುವ ಕೆಲಸದಲ್ಲಿ ನನ್ನ ಮತ್ತು ಸಹಾಯಕಿಯ ಭುಜ ಸೋಲುತ್ತದೆ. ಇನ್ನೊಂದು, ಸೊಂಟದ ಬೆಲ್ಟನ್ನು ಕೊಳ್ಳಬೇಕೇ ಎಂದು ತಾಯಂದಿರು ಕೇಳಿಯೇ ಕೇಳುತ್ತಾರೆ.

ಫಿಸಿಯೋಥೆರಪಿಸ್ಟ್, ಕಾಸರಗೋಡು

ತಕ್ಕಡಿಯನ್ನು ತೂಗುಹಾಕುವ ಹಗ್ಗವನ್ನು ಉದ್ದ ಮಾಡಿ, ಕೊಕ್ಕೆ ನಿಮ್ಮ ಎದೆಯ ಮಟ್ಟಕ್ಕೆ ಬರಲಿ. ಮಗುವಿನ ಕಾಲು ನೆಲದಿಂದ ಸ್ವಲ್ಪ ಮೇಲಿದ್ದರೆ ಸಾಕು. ಮುಳ್ಳನ್ನು ಓದಲು ನೀವು ಕುಳಿತುಕೊಳ್ಳಿ. ಮಗುವನ್ನು ತಾಯಿಯೇ ಹಿಡಿದಿರಲಿ, ನೀವು ತಕ್ಕಡಿಯ ಚಡ್ಡಿಯನ್ನು ಮಾತ್ರ ಕೊಕ್ಕೆಗೆ ಸಿಕ್ಕಿಸಿ. ನಿಂತು ತೂಗುವ ಯಂತ್ರವಿದ್ದರೆ ಎರಡು ವರ್ಷ ದಾಟಿದವರನ್ನು ಎತ್ತುವ ಪ್ರಶ್ನೆಯೇ ಇಲ್ಲ.

ಬೆಲ್ಟಿನ ವಿಷಯದಲ್ಲಿ ನಿಯೋಶ್ 1994ರಲ್ಲಿಯೇ ಪರಿಶೀಲಿಸಿ, ನೋವಿಲ್ಲದವರಲ್ಲಿ ಅದು ಪೆಟ್ಟನ್ನು ತಡೆಯುತ್ತದೆ ಎನ್ನಲು ಆಧಾರ ಸಾಲದು ಎಂದಿತು. ಹೆರಿಗೆಯ ನಂತರ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡಾಗ ಕೆಲವರಿಗೆ ಹಿತವೆನಿಸುತ್ತದೆ, ಉಸಿರಾಟಕ್ಕೆ ಬಿಗಿಯಾಗದಿದ್ದರೆ ತಕರಾರಿಲ್ಲ. ಆದರೆ ಬೆಲ್ಟಿದೆ ಎಂದು ಹೆಚ್ಚು ಎತ್ತಬಾರದು. ಬೆಳಗ್ಗೆ ಎದ್ದ ಮೊದಲ ಒಂದು ಗಂಟೆಯಲ್ಲಿ ಡಿಸ್ಕುಗಳು ನೀರು ಹೀರಿ ಬಿಗಿದಿರುವುದರಿಂದ ಆಗ ಆಳವಾಗಿ ಬಾಗುವುದನ್ನು ತಪ್ಪಿಸಿದರೆ ಬೆಲ್ಟಿಗಿಂತ ಹೆಚ್ಚಿನ ಲಾಭವಿದೆ: ಚಾಪೆಯಿಂದ ಮಗುವನ್ನು ಎತ್ತುವ ಆ ಹೊತ್ತಿನ ಕೆಲಸವನ್ನು ಮನೆಯ ಬೇರೆಯವರಿಗೆ ಒಪ್ಪಿಸಿ. ಕಾಲಿನಲ್ಲಿ ಬಲ ಕುಂದಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರದ ಹತೋಟಿ ತಪ್ಪಿದರೆ ಮಾತ್ರ ಯಾವ ತರಗತಿಗೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ದಯವಿಟ್ಟು ಎರಡು ಸಲ ಹೇಳಿ.

ನೀರ್ಚಾಲಿನ ಅಜ್ಜಿ

ಬರುತ್ತೇನೆ. ಗೊಂಬೆ ದೊಡ್ಡದಿರಲಿ ಟೀಚರೇ, ಅಂಗಡಿಯ ಪ್ಲಾಸ್ಟಿಕ್ ಗೊಂಬೆಗೆ ಭಾರವೇ ಇರುವುದಿಲ್ಲ. ತೊಟ್ಟಿಲಿನ ಹಗ್ಗವನ್ನೂ ಒಂದು ಗೇಣು ಮೇಲಕ್ಕೆ ಕಟ್ಟಿಸಿ. ಈಗ ಅದು ನೆಲಕ್ಕೆ ತಾಗುವ ಹಾಗಿದೆ ಎಂದು ನನ್ನ ಸೊಸೆ ಹೇಳುತ್ತಾಳೆ.